ನನ್ನ ದವಡೆಯಲ್ಲಿ ಅಣ್ಣನ ಮೂಳೆ

ಚಳಿ ಮುಗಿದಿತ್ತು, ಬಿಸಿಲಿಗೆ ಇನ್ನೂ ಧೈರ್ಯ ಬಂದಿರಲಿಲ್ಲ. ಶನಿವಾರ, ಬೆಳಿಗ್ಗೆ ಹತ್ತು ಹೊಡೆದು ಒಂದು ಲೋಟ ಚಹಾ ಕುಡಿಯುವಷ್ಟು ಹೊತ್ತಾಗಿತ್ತು. ಆ ದಿನಗಳಲ್ಲಿ ಮರ ಒಣಗಿ ಕುರ್ಚಿಗಳ ಕೀಲುಗಳು ಸಡಿಲವಾಗುತ್ತವೆ, ಕುರ್ಚಿ ರಿಪೇರಿಯವರಿಗೆ ಕೈತುಂಬ ಕೆಲಸ. ನಾನು ಉಪ್ಪುಕಾಗದ ಹಿಡಿದು ಒಂದು ಕುರ್ಚಿಯ ಕಾಲು ಉಜ್ಜುತ್ತಿದ್ದೆ. ಮರದ ಹೊಟ್ಟು ಮೂಗಿಗೇರಿತು. ಸೀನಿದೆ. ಸೀನಿನ ಜೊತೆಗೆ ನನ್ನ ಕೆಳದವಡೆಯ ಎಡಗಡೆಯ ನಾಲ್ಕು ಕಟ್ಟುಹಲ್ಲುಗಳು ತಂತಿಯ ಸಮೇತ ಹೊರಕ್ಕೆ ಹಾರಿ, ಒಲೆಯ ಮೇಲೆ ಕುದಿಯುತ್ತಿದ್ದ ಅಣ್ಣನ ಸರೇಸಿನ ಗಡಿಗೆಗೆ ಬಿದ್ದವು.

ಸರೇಸು ಎಂದರೆ ಮೂಳೆ ಬೇಯಿಸಿ ಮಾಡಿದ ಅಂಟು. ಹಳೆಯ ಬಡಗಿಗಳು ಅದನ್ನು ಬಿಟ್ಟು ಬೇರೆ ಮುಟ್ಟುವುದಿಲ್ಲ. ನಾನು ಮುಟ್ಟುತ್ತೇನೆ. ನನ್ನದು ಡಬ್ಬದಲ್ಲಿ ಬರುವ ಬಿಳಿ ಅಂಟು. ಈ ವಿಷಯವಾಗಿಯೇ ನಾನೂ ಅಣ್ಣನೂ ಮಾತು ಬಿಟ್ಟು ಹನ್ನೊಂದು ವರ್ಷವಾಗಿತ್ತು. ಒಂದೇ ಮನೆ, ಹಿತ್ತಲಲ್ಲಿ ಒಂದೇ ಕೊಟ್ಟಿಗೆ, ಅದರಲ್ಲಿ ಎದುರುಬದುರು ಎರಡು ಕೆಲಸದ ಮೇಜು, ನಡುವೆ ಒಂದು ಒಲೆ. ಒಲೆಯನ್ನು ಯಾರೂ ಬಿಟ್ಟುಕೊಡದ ಕಾರಣ ಅದು ನಡುವೆಯೇ ಉಳಿಯಿತು.

ಅಣ್ಣ ಗಡಿಗೆಯೊಳಗೆ ಇಕ್ಕಳ ಹಾಕಿ ಹಲ್ಲುಗಳನ್ನು ಮೇಲೆತ್ತಿ, ಬೆಳಕಿಗೆ ಹಿಡಿದು ನೋಡಿ, ಅಡುಗೆಮನೆಯ ಕಡೆ ತಿರುಗಿ ಕೂಗಿದ.

"ಅಕ್ಕಾ, ಇದು ಯಾರದ್ದು ಅಂತ ಕೇಳು."

ನಮ್ಮಿಬ್ಬರಿಗೂ ದೊಡ್ಡವಳು ಅಕ್ಕ. ಕೈ ಒರೆಸಿಕೊಳ್ಳುತ್ತಾ ಬಂದು ನನ್ನನ್ನು ಕೇಳಿದಳು. "ಯಾರದ್ದೋ ಇದು?"

"ನನ್ನದು ಅಂತ ಹೇಳು."

"ಅವನದ್ದಂತೆ."

"ಸರೇಸು ಕೆಟ್ಟೋಯ್ತು ಅಂತ ಹೇಳು."

"ಹಲ್ಲೂ ಕೆಟ್ಟೋಯ್ತು ಅಂತ ಹೇಳು."

"ಇಬ್ಬರಿಗೂ ಕಿವಿ ಕೆಟ್ಟಿಲ್ವಲ್ಲ!" ಎಂದು ಅಕ್ಕ ಒಳಗೆ ಹೋದಳು. ಹನ್ನೊಂದು ವರ್ಷದಿಂದ ನಮ್ಮಿಬ್ಬರ ನಡುವಿನ ಟಪಾಲು ಅವಳೇ. ಹೊರಗಿನ ಊರಿನಲ್ಲಿರುವ ಅವಳ ಮಗಳಿಗೆ ಮಗುವಾಗಿ, ಆ ಮಗು ಶಾಲೆಗೂ ಸೇರಿತ್ತು. ಅಕ್ಕ ಇನ್ನೂ ಅದರ ಮುಖ ನೋಡಿರಲಿಲ್ಲ. "ನಾನು ಹೋದ್ರೆ ನೀವಿಬ್ರೂ 'ಉಪ್ಪು ಕೊಡು' ಅಂತ ಕೇಳೋಕೂ ಆಗ್ದೆ ಸತ್ತೋಗ್ತೀರಿ" ಎನ್ನುತ್ತಿದ್ದಳು. ಅದರಲ್ಲಿ ಸುಳ್ಳೇನೂ ಇರಲಿಲ್ಲ.

ಜಗಳದ ಮೂಲವನ್ನೂ ಹೇಳಿಬಿಡುತ್ತೇನೆ. ಶಾಲೆಯ ಹೆಡ್‌ಮಾಸ್ತರರ ಕುರ್ಚಿಗೆ ನಾವಿಬ್ಬರೂ ಸೇರಿ ತೇಪೆ ಹಾಕಿದ್ದೆವು. ಮರ ನನ್ನದು, ಅಂಟು ಅಣ್ಣನದು. ಎಂಟು ದಿನದ ಮೇಲೆ ಹೆಡ್‌ಮಾಸ್ತರರು ತುಂಬಿದ ಸಭೆಯಲ್ಲಿ ಶಿಸ್ತಿನ ಬಗ್ಗೆ ಮಾತನಾಡುತ್ತಾ ಕುರ್ಚಿಯ ಸಮೇತ ನೆಲಕ್ಕೆ ಬಂದರು. ಅಂಟು ಕೆಟ್ಟದ್ದು ಎಂದು ನಾನು. ತೇಪೆಯ ಮರ ಅದೇ ಮರದ್ದಲ್ಲ ಎಂದು ಅಣ್ಣ. ಅದೇ ಮರದ್ದೇ ಎಂದು ನಾನು ಆಣೆ ಮಾಡಿದೆ. ಹಳೆಯ ಸಾಮಾನಿಗೆ ತೇಪೆ ಹಾಕುವಾಗ ಅದೇ ಮರದ ತುಂಡೇ ಆಗಬೇಕು, ಇಲ್ಲದಿದ್ದರೆ ಒಂದು ಬೇಸಿಗೆಗೆ ಒಂದು ಹಿಗ್ಗುತ್ತದೆ, ಇನ್ನೊಂದು ಕುಗ್ಗುತ್ತದೆ. ಇದು ನಮ್ಮ ಕಸುಬಿನ ಮೊದಲ ಪಾಠ. ಆ ತುಂಡನ್ನು ತರುವುದು ಗಿರಾಕಿಯ ಕೆಲಸ. ಇದು ಎರಡನೆಯ ಪಾಠ. ಮುಂದೆ ಆದದ್ದಕ್ಕೆಲ್ಲ ಈ ಎರಡು ಪಾಠಗಳೇ ಕಾರಣ.

ಹಲ್ಲು ಸರೇಸಿಗೆ ಬಿದ್ದ ಹೊತ್ತಿಗೆ ಅಣ್ಣನ ಮೇಜಿನ ಕೆಳಗೆ ಒಂದು ಮರದ ಪೆಟ್ಟಿಗೆ ಇತ್ತು. ಅರ್ಧ ಉಪಕರಣಗಳನ್ನು ಆಗಲೇ ತುಂಬಿದ್ದ. ಅಕ್ಕನ ಮಗಳ ಊರಿನಲ್ಲಿ ಯಾವುದೋ ಪೀಠೋಪಕರಣದ ಅಂಗಡಿ, ಅಲ್ಲಿ ಮೇಲ್ವಿಚಾರಣೆ ಕೆಲಸ, ಉಳಿಯಲು ಕೋಣೆ. ಮೂರನೆಯ ಶುಕ್ರವಾರಕ್ಕೆ ಬಸ್ಸಿನ ಟಿಕೆಟು ತೆಗೆಸಿ ಗೋಡೆಯ ಮೊಳೆಗೆ ಚುಚ್ಚಿದ್ದ, ನಾನು ತಲೆಯೆತ್ತಿದರೆ ಕಾಣುವ ಜಾಗದಲ್ಲಿ. ಮದುವೆ ಇಲ್ಲ, ಮಕ್ಕಳಿಲ್ಲ. ಹೋದರೆ ಹೋದ ಹಾಗೆಯೇ. ಅವನು ಹೊರಡುವ ಮೊದಲು ಒಂದು ಮಾತು ಆಡಬೇಕಿತ್ತು. ಯಾವ ಮಾತು ಎಂದು ಗೊತ್ತಿರಲಿಲ್ಲ. ಮೊದಲು ಬಾಯಿ ಬಿಡುವವನು ನಾನಾಗಬಾರದು ಎಂಬುದು ಮಾತ್ರ ಚೆನ್ನಾಗಿ ಗೊತ್ತಿತ್ತು.

ಸೋಮವಾರ ಹಲ್ಲಿನ ಡಾಕ್ಟರಮ್ಮನ ಹತ್ತಿರ ಹೋದೆ. ಸರೇಸು ಅಷ್ಟರಲ್ಲಿ ಕಲ್ಲಾಗಿ, ನಾಲ್ಕು ಹಲ್ಲುಗಳು ಒಂದು ಬೆಲ್ಲದ ಉಂಡೆಯಂತಾಗಿದ್ದವು. ಡಾಕ್ಟರಮ್ಮ ಅದನ್ನು ತಿರುಗಿಸಿ ನೋಡಿ, ಏನೂ ಕೇಳದೆ ಪಕ್ಕಕ್ಕಿಟ್ಟರು. ಆಮೇಲೆ ನನ್ನ ದವಡೆಯ ಎಕ್ಸ್‌ರೇ ತೆಗೆದು ದೀಪಕ್ಕೆ ಹಿಡಿದರು.

"ನೋಡಿ ಯಜಮಾನ್ರೇ, ಹಲ್ಲು ಹೋಗಿ ಬಹಳ ವರ್ಷ ಆಗಿದೆ. ಹಲ್ಲಿಲ್ಲದ ಕಡೆ ಮೂಳೆ ಸವೆದುಹೋಗುತ್ತೆ. ಅದಕ್ಕೇ ಸೆಟ್ಟು ನಿಲ್ತಿಲ್ಲ. ಮೊದಲು ಮೂಳೆ ತುಂಬಬೇಕು. ಐದಾರು ತಿಂಗಳು ಅದು ಕೂಡಿಕೊಳ್ಳೋಕೆ ಬಿಡಬೇಕು. ಆಮೇಲೆ ಸ್ಕ್ರೂ, ಅದರ ಮೇಲೆ ಹಲ್ಲು."

ನಾನು ಎಕ್ಸ್‌ರೇ ನೋಡಿದೆ. ಗೆದ್ದಲು ತಿಂದ ಚೌಕಟ್ಟಿನ ಹಾಗೆಯೇ ಇತ್ತು. ತೇಪೆ ಹಾಕಿ, ಒಣಗಲು ಬಿಟ್ಟು, ಆಮೇಲೆ ಸ್ಕ್ರೂ. ನಾನಾದರೂ ಹಾಗೆಯೇ ಮಾಡುತ್ತಿದ್ದೆ. ಹೆಂಗಸು ಕಸುಬು ಬಲ್ಲವಳು ಎನಿಸಿತು.

"ನಿಮ್ಮದೇ ಮೂಳೆ ಗದ್ದದಿಂದ ತೆಗೆದು ಹಾಕಬಹುದು. ಆದ್ರೆ ಈ ವಯಸ್ಸಿಗೆ ಇನ್ನೊಂದು ಗಾಯ ಯಾಕೆ? ದಾನಿಯ ಮೂಳೆ ಹಾಕೋಣ. ಏನಾದ್ರೂ ಕೇಳೋದಿದ್ಯಾ?"

ಇಲ್ಲಿ ನಾನು ಕೇಳಬೇಕಿತ್ತು. ಆದರೆ ನಲವತ್ತಾರು ವರ್ಷದಿಂದ, ಕುರ್ಚಿ ಕೊಟ್ಟು ಹೋಗದೆ ನಿಂತು ಪ್ರಶ್ನೆ ಕೇಳುವ ಗಿರಾಕಿಗಳನ್ನು ಕಂಡರೆ ನನಗಾಗದು. ಒಬ್ಬ ಕಸುಬುದಾರ ಇನ್ನೊಬ್ಬ ಕಸುಬುದಾರನ ಮುಂದೆ ಅಡ್ಡಪ್ರಶ್ನೆ ಹಾಕಬಾರದು. ಕಾಲ ಮೇಲೆ ಕಾಲು ಹಾಕಿ ಹೇಳಿದೆ. "ಏನಿಲ್ಲಮ್ಮ, ಎಲ್ಲಾ ಅರ್ಥ ಆಯ್ತು. ನಮ್ದೂ ಇದೇ ಕೆಲಸ."

ಡಾಕ್ಟರಮ್ಮ ಒಂದು ಕ್ಷಣ ನನ್ನ ಕೈಗಳನ್ನು ನೋಡಿದರು. "ಸರಿ ಹಾಗಾದ್ರೆ. ಮುಂದಿನ ವಾರ, ಮಂಗಳವಾರ ಬೆಳಿಗ್ಗೆ. ಜೊತೇಲಿ ಮನೆಯವರೊಬ್ಬರನ್ನ ಕರ್ಕೊಂಡು ಬನ್ನಿ. ರಕ್ತಸಂಬಂಧಿ ಆದ್ರೆ ಒಳ್ಳೇದು."

ಅವರಿಗೆ ಬೇಕಾಗಿದ್ದದ್ದು ಒಂದು ಸಹಿ. ನನಗೆ ಅದು ತಿಳಿಯುವುದು ಹೇಗೆ? ರಕ್ತಸಂಬಂಧಿ ಎಂದರೆ ಅದೇ ಮರ. ಕರೆದುಕೊಂಡು ಬನ್ನಿ ಎಂದರೆ ತುಂಡು ಗಿರಾಕಿಯೇ ತರಬೇಕು. ಎರಡೂ ಪಾಠ ಸರಿಹೊಂದಿದವು. ಸಂತೋಷವಾಗಿ ಮನೆಗೆ ಬಂದು, "ಅಕ್ಕಾ, ನನಗೆ ಯಾರಾದ್ರೂ ಸ್ವಲ್ಪ ಮೂಳೆ ಕೊಡಬೇಕು" ಎಂದೆ.

ಅಕ್ಕ ಕೈಯಲ್ಲಿದ್ದ ಸೌಟನ್ನು ಕೆಳಗಿಟ್ಟಳು. "ಯಾರ ಮೂಳೆ?"

"ನಮ್ಮವರದ್ದೇ ಆಗಬೇಕು. ದವಡೇದು."

"ನನ್ನದು ತಗೋ" ಎಂದು ಒಡನೆ ಬಾಯಿ ತೆರೆದಳು. ಒಳಗೆ ಒಂದೂ ಹಲ್ಲಿಲ್ಲ. ಅವಳ ದವಡೆ ನನ್ನದಕ್ಕಿಂತ ಸವೆದಿತ್ತು. "ಬೇಡಕ್ಕಾ, ಸವೆದ ಮರಕ್ಕೆ ಸವೆದ ಮರ ನಿಲ್ಲಲ್ಲ" ಎಂದೆ. ಅವಳಿಗೆ ಸಿಟ್ಟು ಬಂತು. ಆ ಸಿಟ್ಟಿನಲ್ಲಿಯೇ ಹೊರಗೆ ಹೋಗಿ ಎದುರು ಮನೆಯ ಕೊಡೆ ರಿಪೇರಿಯವನಿಗೆ ವಿಷಯ ಹೇಳಿಬಂದಳು. ಕೊಡೆಯವನಿಗೆ ಹೇಳುವುದೂ ಬೀದಿಗೆ ತಮಟೆ ಹೊಡೆಸುವುದೂ ಒಂದೇ.

ಕೊಡೆಯವನು ಕೂಡಲೇ ಒಂದು ಸಲಹೆ ತಂದ. "ಕೊಡೆ ಕಡ್ಡಿ ಹಾಕಿದ್ರೆ ಆಗಲ್ವಾ? ಸ್ಟೀಲು, ತುಕ್ಕು ಹಿಡಿಯಲ್ಲ. ಬಟನ್ ಒತ್ತಿದ್ರೆ ಬಾಯಿ ತಾನಾಗೇ ತೆರ್ಕೊಳ್ಳುತ್ತೆ."

ದೊಡ್ಡಪ್ಪನ ಮಗನಿಗೆ ಹಿಟ್ಟಿನ ಗಿರಣಿ ಇದೆ. ಎತ್ತಿನಂಥ ಮೈ, ಒಳ್ಳೆಯ ದವಡೆ. ಅಕ್ಕ ಅವನಿಗೆ ಹೇಳಿಕಳುಹಿಸಿದ್ದು ಬುಧವಾರ. ಗುರುವಾರ ಅವನ ಆಳು ಒಂದು ದೊಡ್ಡ ಲಕೋಟೆ ತಂದುಕೊಟ್ಟ. ಒಳಗೆ ಅವನ ಎರಡು ಮೊಣಕಾಲಿನ ಎಕ್ಸ್‌ರೇ. ಜೊತೆಗೆ ಒಂದು ಚೀಟಿ: "ನನ್ನ ಮೂಳೆ ನನಗೇ ಸಾಲದು. ನೀವೇ ನೋಡಿ. ಮುಟ್ಟಿದ್ದಕ್ಕೆ ಸಹಿ ಹಾಕಿ ಕಳಿಸಿ."

ಶುಕ್ರವಾರ ಸಂಜೆ ನನ್ನ ಭಾವಮೈದ ಬಂದ, ತೀರಿಹೋದ ನನ್ನ ಹೆಂಡತಿಯ ತಮ್ಮ. ನೋಂದಣಿ ಕಚೇರಿಯಲ್ಲಿ ಗುಮಾಸ್ತ. ಹದಿಮೂರು ವರ್ಷದಲ್ಲಿ ಮೊದಲ ಸಲ ನಮ್ಮ ಮನೆಯಲ್ಲಿ ನಿಶ್ಚಿಂತೆಯಿಂದ ಕುರ್ಚಿಗೆ ಒರಗಿ ಕೂತ.

"ಭಾವ, ಎದೆ ಬಗೆದು ಕೊಡ್ತಿದ್ದೆ. ಏನ್ಮಾಡ್ಲಿ, ನಾನು ರಕ್ತಸಂಬಂಧಿ ಅಲ್ವಲ್ಲ! ಈ ವಿಷಯಕ್ಕೆ ನಿನ್ನೆಯಿಂದ ನಿದ್ದೆ ಇಲ್ಲ." ಹೀಗೆ ಹೇಳುತ್ತಾ ತಟ್ಟೆಯಲ್ಲಿದ್ದ ಬಿಸ್ಕತ್ತನ್ನೆಲ್ಲ ಮುಗಿಸಿದ. "ಆದ್ರೆ ಒಂದು ಮಾತು. ಯಾರೇ ಕೊಡ್ಲಿ, ಪತ್ರ ಇಲ್ಲದೆ ತಗೋಬೇಡ. ನಾಳೆ ಜಗಳ ಆಗಿ 'ನನ್ನ ಮೂಳೆ ವಾಪಸ್ ಕೊಡು' ಅಂದ್ರೆ? ಅದೂ ನಿಮ್ಮ ಮನೇಲಿ!"

ಅವನ ಮಾತಿನಲ್ಲಿ ನ್ಯಾಯವಿತ್ತು. ಏಕೆಂದರೆ ಲೆಕ್ಕ ಹಾಕಿ ನೋಡಿದರೆ ಅದೇ ಮರದ್ದು, ಗಟ್ಟಿಯಾದದ್ದು, ಹಲ್ಲೆಲ್ಲ ಇರುವಂಥದ್ದು ಎಂದು ಉಳಿದದ್ದು ಒಂದೇ ದವಡೆ. ಅದು ಒಲೆಯ ಆಚೆ ನನ್ನ ಎದುರಿಗೇ ಕೂತು ಪೆಟ್ಟಿಗೆಗೆ ಉಳಿಗಳನ್ನು ತುಂಬುತ್ತಿತ್ತು.

ಶನಿವಾರ ಬೆಳಿಗ್ಗೆ ಅಕ್ಕ ಕೊಟ್ಟಿಗೆಯ ಬಾಗಿಲಲ್ಲಿ ನಿಂತಳು. ಅಣ್ಣನಿಗೆ ಎಲ್ಲವೂ ಕೇಳಿಸಿತ್ತು. ಆದರೂ ನಮ್ಮ ಮನೆಯ ಪದ್ಧತಿಯ ಪ್ರಕಾರ ಅವಳು ಹೇಳುವವರೆಗೆ ಕೇಳಿಸಿರಲಿಲ್ಲ.

"ತಮ್ಮನಿಗೆ ದವಡೆ ಮೂಳೆ ಬೇಕಂತೆ ಕಣೋ. ನಿನ್ನದೇ ಆಗಬೇಕಂತೆ."

ಅಣ್ಣ ಉಜ್ಜುಗೊರಡು ತೆಗೆದುಕೊಂಡು ಒಂದು ಹಲಗೆಯನ್ನು ಉಜ್ಜತೊಡಗಿದ. ಉಜ್ಜಿ ಉಜ್ಜಿ ಹಲಗೆ ಕಾಗದದಷ್ಟು ತೆಳ್ಳಗಾಯಿತು. ಆಮೇಲೆ ಅದನ್ನು ಪಕ್ಕಕ್ಕಿಟ್ಟು ಕೇಳಿದ.

"ಎಷ್ಟು ಉದ್ದ ಬೇಕಂತೆ?"

ಅಕ್ಕ ನನ್ನ ಕಡೆ ತಿರುಗಿದಳು. "ಒಂದೂಕಾಲು ಇಂಚು ಸಾಕು ಅಂತ ಹೇಳು."

"ದಪ್ಪ?"

"ಕಾಲಿಂಚು."

"ಎಳೆ ಯಾವ ಕಡೆಗೆ ಬರಬೇಕು ಅಂತ ಕೇಳು."

ಅದನ್ನು ಡಾಕ್ಟರಮ್ಮ ಹೇಳಿರಲಿಲ್ಲ. "ಉದ್ದಕ್ಕೆ ಇರಬಹುದು" ಎಂದೆ. ಅಣ್ಣ ತಲೆಯಾಡಿಸಿ, ಕಿವಿಯ ಮೇಲಿದ್ದ ಪೆನ್ಸಿಲು ತೆಗೆದು ಗೋಡೆಯ ಮೇಲೆ ಅಳತೆ ಬರೆದುಕೊಂಡ. ಬರೆದದ್ದು ಸರಿಯಾಗಿ ಬಸ್ ಟಿಕೆಟಿನ ಪಕ್ಕದಲ್ಲಿ.

ಭಾನುವಾರ ಭಾವಮೈದ ಛಾಪಾ ಕಾಗದ ತಂದ. ಅಣ್ಣನನ್ನು ಒಂದು ಕಡೆ, ನನ್ನನ್ನು ಇನ್ನೊಂದು ಕಡೆ ಕೂರಿಸಿಕೊಂಡು ಕನ್ನಡಕ ಏರಿಸಿದ.

"ಮೊದಲನೇ ಪ್ರಶ್ನೆ. ಇದು ಸ್ಥಿರಾಸ್ತಿಯೋ, ಚರಾಸ್ತಿಯೋ?"

ಕೊಡೆಯವನು ಕಿಟಕಿಯಿಂದ ಹೇಳಿದ. "ಮೇಲ್ದವಡೆ ಅಲ್ಲಾಡಲ್ಲ, ಅದು ಸ್ಥಿರ. ಕೆಳದವಡೆ ಅಲ್ಲಾಡುತ್ತೆ, ಅದು ಚರ."

"ಅಲ್ಲಾಡ್ತಿದ್ರೂ ಮುಖಕ್ಕೆ ಅಂಟ್ಕೊಂಡಿದೆ. ಸ್ಥಿರಾನೇ" ಎಂದು ಭಾವಮೈದ ತೀರ್ಪು ಕೊಟ್ಟ. "ಸ್ಥಿರ ಅಂದ್ಮೇಲೆ ಚಕ್ಕುಬಂದಿ ಬರೀಬೇಕು. ಪೂರ್ವಕ್ಕೆ ಎಡಗೆನ್ನೆ, ಪಶ್ಚಿಮಕ್ಕೆ ನಾಲಿಗೆ, ದಕ್ಷಿಣಕ್ಕೆ ಮುಂದಿನ ಹಲ್ಲು, ಉತ್ತರಕ್ಕೆ ಗಂಟಲು."

"ನಾನು ಈ ಕಡೆ ತಿರುಗಿದ್ರೆ?" ಎಂದೆ.

"ತಿರುಗಬೇಡ" ಎಂದು ಗದರಿ, 'ದಕ್ಷಿಣಾಭಿಮುಖವಾಗಿ ಕೂತಂತೆ' ಎಂದು ಸೇರಿಸಿದ. ಕೊನೆಯಲ್ಲಿ 'ಕೊಟ್ಟ ಮೂಳೆಯನ್ನು ದಾನಿಯಾಗಲಿ ದಾನಿಯ ವಾರಸುದಾರರಾಗಲಿ ಯಾವ ಕಾಲಕ್ಕೂ ಹಿಂದಕ್ಕೆ ಕೇಳತಕ್ಕದ್ದಲ್ಲ' ಎಂದು ಬರೆದು ನಮ್ಮಿಬ್ಬರ ಸಹಿ ಹಾಕಿಸಿದ. ಸಾಕ್ಷಿಗೆ ಅಕ್ಕ, ಕೊಡೆಯವನು. ಒಂದೇ ಕಾಗದದ ಮೇಲೆ ನನ್ನ ಹೆಸರೂ ಅಣ್ಣನ ಹೆಸರೂ ಅಕ್ಕಪಕ್ಕ ಬಿದ್ದದ್ದು ಹನ್ನೊಂದು ವರ್ಷದಲ್ಲಿ ಅದೇ ಮೊದಲು.

ಡಾಕ್ಟರಮ್ಮ ಕೊಟ್ಟಿದ್ದ ಸೂಚನೆಗಳ ಹಾಳೆ ಅಡುಗೆಮನೆಯ ಗೋಡೆಗೆ ಅಂಟಿತ್ತು. ದಿನಕ್ಕೆ ಎರಡು ಸಲ ಔಷಧಿಯ ನೀರಿನಲ್ಲಿ ಬಾಯಿ ಮುಕ್ಕಳಿಸಬೇಕು. ನಾನು ಹಿತ್ತಲಿನ ಈ ಮೂಲೆಯಲ್ಲಿ ಮುಕ್ಕಳಿಸಿದರೆ ಅಣ್ಣ ಆ ಮೂಲೆಯಲ್ಲಿ ಬೆನ್ನು ಮಾಡಿ ಮುಕ್ಕಳಿಸುತ್ತಿದ್ದ. ಮರವನ್ನು ಕೆಲಸಕ್ಕೆ ತೆಗೆದುಕೊಳ್ಳುವ ಮೊದಲು ಹದ ಮಾಡಬೇಕಲ್ಲ. ಎಡಗಡೆ ಅಗಿಯುವುದನ್ನೂ ನಿಲ್ಲಿಸಿದ್ದ. "ತೇಪೆಗೆ ಹೋಗೋ ತುಂಡನ್ನ ಉಪಯೋಗಿಸಬಾರದು" ಎಂದು ಅಕ್ಕನಿಗೆ ವಿವರಿಸುತ್ತಿದ್ದುದು ನನಗೆ ಕೇಳಿಸಿತು.

ಮಂಗಳವಾರ ಬೆಳಿಗ್ಗೆ ಇಬ್ಬರೂ ಖಾಲಿ ಹೊಟ್ಟೆಯಲ್ಲಿ, ರಸ್ತೆಯ ಎರಡು ಬದಿಗಳಲ್ಲಿ ನಡೆದುಕೊಂಡು ಆಸ್ಪತ್ರೆಗೆ ಹೋದೆವು. ಅಣ್ಣ ತನ್ನ ದವಡೆಗೆ ಒಂದು ಬಿಳಿ ಬಟ್ಟೆ ಸುತ್ತಿದ್ದ. ದಾರಿಯಲ್ಲಿ ತುಂಡಿಗೆ ಏಟು ಬೀಳಬಾರದೆಂದು.

ಮುಂದಿನ ಮೇಜಿನಲ್ಲಿ ಹಸಿರು ಬಟ್ಟೆಯ ಹುಡುಗಿ ನನ್ನ ಹೆಸರು ಬರೆದುಕೊಂಡು, ನಮ್ಮ ಭಾವಮೈದನ ಪತ್ರವನ್ನು ತಿರುಗಿಸಿ ಮುರುಗಿಸಿ ನೋಡಿ ವಾಪಸು ಕೊಟ್ಟು, ತನ್ನದೊಂದು ಕಾಗದಕ್ಕೆ ಅಣ್ಣನ ಸಹಿ ಹಾಕಿಸಿದಳು. ನನ್ನನ್ನು ಒಳಗೆ ಕರೆದರು. ಬಾಗಿಲು ಮುಚ್ಚುವ ಮೊದಲು ಹಿಂದಿನಿಂದ ಅವರ ಮಾತು ಕೇಳಿಸಿತು.

"ನಿಮಗೇನು ತೊಂದರೆ ಅಜ್ಜ? ದವಡೆ ಕಟ್ಕೊಂಡಿದ್ದೀರಿ?"

"ತೊಂದರೆ ಏನಿಲ್ಲ. ತೆಗೆಯೋದಿದೆ."

"ಏನು ತಿಂದಿದ್ದೀರಿ?"

"ರಾತ್ರಿಯಿಂದ ಏನೂ ಇಲ್ಲ."

"ಅಯ್ಯೋ ಪಾಪ, ಅಷ್ಟು ನೋವಾ! ಚಿಕ್ಕ ಡಾಕ್ಟರು ಖಾಲಿ ಇದ್ದಾರೆ, ಪಕ್ಕದ ರೂಮಿಗೆ ಬನ್ನಿ."

ನನ್ನನ್ನು ಕುರ್ಚಿಯಲ್ಲಿ ಮಲಗಿಸಿದರು. ಒಳ್ಳೆಯ ಕುರ್ಚಿ, ಕೀಲುಗಳೆಲ್ಲ ಬಿಗಿಯಾಗಿದ್ದವು. ಗೋಡೆಯಾಚೆಯಿಂದ ಚಿಕ್ಕ ಡಾಕ್ಟರ ದನಿ ಬಂತು: "ಹಿಂದಿಂದು ಪೂರ್ತಿ ಹುಳುಕಾಗಿದೆ. ಇದನ್ನ ತೆಗೀಲೇಬೇಕು." ಅಣ್ಣನ ದನಿ: "ತೆಗೀರಿ ಸ್ವಾಮಿ. ಬೇಕಾದಷ್ಟು ತೆಗೀರಿ. ಕಮ್ಮಿ ಬೀಳೋದು ಬೇಡ."

ಡಾಕ್ಟರಮ್ಮ ಸೂಜಿ ಹಾಕಿದರು. ಎಡಗೆನ್ನೆ ನನ್ನದಲ್ಲದ ಹಾಗಾಯಿತು. ಇನ್ನೂ ನಾಲಿಗೆ ತಿರುಗುತ್ತಿದ್ದಾಗಲೇ ಕೇಳಿದೆ. "ಅಣ್ಣಂದು ತೆಗೆದಾಯ್ತಾ?"

ಅವರು ಬಾಗಿಲ ಕಡೆ ತಿರುಗಿ ಯಾರನ್ನೋ ವಿಚಾರಿಸಿದರು. "ಆಯ್ತಂತೆ. ಒಂದೇ ಏಟಿಗೆ ಬಂತಂತೆ."

ಮನಸ್ಸಿಗೆ ಸಮಾಧಾನವಾಯಿತು. ಸ್ವಲ್ಪ ಹೊತ್ತಿನ ಮೇಲೆ ಅವರು ಒಂದು ಪುಟ್ಟ ಸೀಸೆ ಒಡೆದು, ಬಟ್ಟಲಿಗೆ ಬಿಳಿಯ ಹರಳುಪುಡಿ ಸುರಿದರು. ಅದಕ್ಕೆ ನನ್ನದೇ ರಕ್ತ ಹಾಕಿ ಕಲಸಿದರು. ನಾನು ಬಾಯಿ ತೆರೆದುಕೊಂಡೇ ಬೆರಗಾದೆ. ಅಣ್ಣನನ್ನು ಇಷ್ಟು ಬೇಗ ಪುಡಿ ಮಾಡಿ ಸೀಸೆಗೆ ತುಂಬಿದರೇ! ಆದರೆ ಕ್ರಮ ಸರಿಯಾಗಿಯೇ ಇತ್ತು. ಬಿರುಕು ತುಂಬುವಾಗ ನಾವೂ ಅದೇ ಮರದ ಹೊಟ್ಟನ್ನು ಅಂಟಿನಲ್ಲಿ ಕಲಸಿ ಮೆತ್ತುತ್ತೇವೆ. ಎಳೆಯ ಚಿಂತೆಯೂ ಇಲ್ಲ. ಕಣ್ಣು ಮುಚ್ಚಿದೆ.

ಹೊರಗೆ ಬಂದಾಗ ಅಣ್ಣ ಬೆಂಚಿನ ಮೇಲೆ ಕೂತಿದ್ದ. ಎಡಗೆನ್ನೆ ಊದಿತ್ತು, ಬಾಯಿಯ ತುಂಬ ಹತ್ತಿ. ಕೈಯಲ್ಲಿ ಏನನ್ನೋ ಮುಚ್ಚಿ ಹಿಡಿದಿದ್ದ. ನನ್ನ ಎಡಗೆನ್ನೆಯೂ ಊದಿತ್ತು. ನಾವಿಬ್ಬರೂ ಒಂದೇ ತಾಯಿಯ ಮಕ್ಕಳೆಂದು ಅಷ್ಟು ಸ್ಪಷ್ಟವಾಗಿ ಹಿಂದೆಂದೂ ಕಂಡಿರಲಿಲ್ಲ. ಹೋಗುವಾಗ ರಸ್ತೆಯ ಎರಡು ಬದಿಯಲ್ಲಿ ಹೋದವರು ಬರುವಾಗ ಒಂದೇ ಬದಿಯಲ್ಲಿ ಬಂದೆವು. ತಲೆ ತಿರುಗುತ್ತಿತ್ತು, ಹಿಡಿದುಕೊಳ್ಳಲು ಯಾರಾದರೂ ಬೇಕಿತ್ತು.

ಅಕ್ಕ ನಡುಮನೆಯಲ್ಲಿ ಎರಡು ಮಂಚ ಹಾಕಿದ್ದಳು. ಸೂಚನೆಯ ಹಾಳೆ ಹೀಗಿತ್ತು: ತಲೆ ಎತ್ತರಿಸಿ ಮಲಗಬೇಕು. ಇಪ್ಪತ್ತು ನಿಮಿಷ ಮಂಜುಗಡ್ಡೆ ಒತ್ತಬೇಕು, ಇಪ್ಪತ್ತು ನಿಮಿಷ ಬಿಡಬೇಕು. ಉಗುಳಬಾರದು, ಹೀರಬಾರದು, ಬಾಯಿ ಮುಚ್ಚಿ ಸೀನಬಾರದು. ತಣ್ಣನೆಯ ಹಾಲು, ಆರಿದ ಸೂಪು. ಮತ್ತು ಮೂರು ದಿನ ಆದಷ್ಟು ಮಾತನಾಡಬಾರದು.

ಕೊನೆಯದನ್ನು ಓದಿ ಅಕ್ಕ ಗೋಡೆಗೆ ತಲೆ ಆನಿಸಿದಳು. "ಹನ್ನೊಂದು ವರ್ಷದ ಮೇಲೆ ಇನ್ನೂ ಮೂರು ದಿನ!"

ಬೀದಿಯೆಲ್ಲ ನೋಡಲು ಬಂತು. ನನ್ನನ್ನಲ್ಲ. "ದಾನಿ ಎಲ್ಲಿ, ದಾನಿ ಎಲ್ಲಿ?" ಎಂದು ನನ್ನ ಮಂಚವನ್ನು ಸುತ್ತುಬಳಸಿಕೊಂಡು ಅಣ್ಣನ ಹತ್ತಿರ ಹೋಗುತ್ತಿದ್ದರು. ಕೊಡೆಯವನು ಹೊಸ ಕೊಡೆಯನ್ನೇ ಕೊಟ್ಟ. ಗಿರಣಿಯ ದಾಯಾದಿ ಕುಂಟುತ್ತಾ ಬಂದ. ಬಾಗಿಲಿಗೆ ಬರುವವರೆಗೆ ಕುಂಟುತ್ತಿರಲಿಲ್ಲ ಎಂದು ಆಮೇಲೆ ಕೊಡೆಯವನು ಹೇಳಿದ. "ನೀನು ದೇವರು ಕಣಪ್ಪ" ಎಂದು ಅಣ್ಣನ ಕೈ ಹಿಡಿದುಕೊಂಡು, ನನ್ನ ಕಡೆ ತಿರುಗಿ, "ಇನ್ನಾದ್ರೂ ಬುದ್ಧಿ ಕಲಿ" ಎಂದ. ನಾನು ಉತ್ತರಿಸುವಂತಿರಲಿಲ್ಲ. ಹಣ್ಣುಗಳೆಲ್ಲ ಅಣ್ಣನ ಮಂಚದ ಕೆಳಗೆ. ಅಗಿಯಲು ಇಬ್ಬರಿಗೂ ಆಗದು, ಆದರೂ ಲೆಕ್ಕಕ್ಕೆ ಅವು ಅವನವೇ.

ಎರಡನೆಯ ದಿನ ಮಧ್ಯಾಹ್ನ ಅಣ್ಣ ಒಂದು ಪ್ಲೈವುಡ್ ತುಂಡು ತೆಗೆದು ಪೆನ್ಸಿಲಿನಲ್ಲಿ ಏನೋ ಬರೆದು, ಅಕ್ಕನಿಗಾಗಿ ಸುತ್ತ ನೋಡಿದ. ಅಕ್ಕ ಮಂಜುಗಡ್ಡೆ ತರಲು ಅಂಗಡಿಗೆ ಹೋಗಿದ್ದಳು. ಸ್ವಲ್ಪ ಹೊತ್ತು ಕಾದ. ಆಮೇಲೆ ಆ ತುಂಡನ್ನು ನೆಲದ ಮೇಲೆ ನನ್ನ ಕಡೆಗೆ ಜಾರಿಸಿದ.

'ನೋವಾ?'

ನಾನು ಕೆಳಗೆ 'ಇಲ್ಲ' ಎಂದು ಬರೆದು ಜಾರಿಸಿದೆ.

'ನನಗೂ ಇಲ್ಲ.'

ಇಬ್ಬರೂ ಸುಳ್ಳು ಬರೆದಿದ್ದೆವು. ಸಂಜೆಯ ಹೊತ್ತಿಗೆ ಪ್ಲೈವುಡ್ಡಿನ ಎರಡೂ ಬದಿ ತುಂಬಿ, ಅಣ್ಣ ಉಪ್ಪುಕಾಗದದಿಂದ ಉಜ್ಜಿ ಸ್ವಚ್ಛ ಮಾಡಿ ಮತ್ತೆ ಶುರುಮಾಡಿದ.

ಮೂರು ದಿನ ಕಳೆದು ಮಾತಿಗೆ ಅಪ್ಪಣೆಯಾಯಿತು. ಅಣ್ಣ ಅಕ್ಕನೊಡನೆ ಮಾತನಾಡಿದ, ನಾನೂ ಅಕ್ಕನೊಡನೆ ಮಾತನಾಡಿದೆ. ನಮ್ಮಿಬ್ಬರ ನಡುವೆ ಮಾತ್ರ ಪ್ಲೈವುಡ್ ತುಂಡೇ ಓಡಾಡಿತು. ಬಾಯಿ ತೆರೆಯಲು ಇಬ್ಬರಿಗೂ ಏನೋ ಅಡ್ಡ.

ಹೊಲಿಗೆ ಬಿಚ್ಚಲು ಮುಂದಿನ ಮಂಗಳವಾರ ನಾನೊಬ್ಬನೇ ಹೋದೆ. ಡಾಕ್ಟರಮ್ಮ ದೀಪ ಹಾಕಿ ನೋಡಿ, "ಚೆನ್ನಾಗಿ ಹಿಡೀತಿದೆ" ಎಂದರು.

"ಹಿಡೀದೆ ಏನು? ಅಣ್ಣಂದಲ್ವಾ?"

"ಯಾವ ಅಣ್ಣಂದು?"

"ಅದೇ, ಪಕ್ಕದ ರೂಮಲ್ಲಿ ತೆಗೆದ್ರಲ್ಲ. ಮೂಳೆ."

ಡಾಕ್ಟರಮ್ಮ ಕೈಯಲ್ಲಿದ್ದ ಕತ್ತರಿಯನ್ನು ಕ್ಷೇಮವಾಗಿ ಕೆಳಗಿಟ್ಟರು. ಹಸಿರು ಬಟ್ಟೆಯ ಹುಡುಗಿಯನ್ನು ಕರೆದರು. ಚಿಕ್ಕ ಡಾಕ್ಟರನ್ನು ಕರೆದರು. ಮೂವರೂ ನನ್ನ ಸುತ್ತ ನಿಂತರು. ಚಿಕ್ಕ ಡಾಕ್ಟರು ಹೇಳಿದರು, "ಅಜ್ಜನಿಗೆ ನಾನು ಕಿತ್ತಿದ್ದು ಹುಳುಕು ಹಲ್ಲು." ಡಾಕ್ಟರಮ್ಮ ಕಪಾಟಿನಿಂದ ಒಂದು ಪುಟ್ಟ ಸೀಸೆ ತೆಗೆದು ತೋರಿಸಿದರು. "ಯಜಮಾನ್ರೇ, ಮೂಳೆ ಬರೋದು ಹೀಗೆ. ಯಾರೋ ತೀರಿಹೋಗೋ ಮೊದಲು ದಾನ ಮಾಡಿರ್ತಾರೆ. ಶುದ್ಧ ಮಾಡಿ ಪುಡಿ ಮಾಡಿ ಕಳಿಸ್ತಾರೆ. ಯಾರದ್ದು ಅಂತ ನಮಗೂ ಗೊತ್ತಿರಲ್ಲ." ಸೀಸೆಯ ಮೇಲೆ ಒಂದು ನಂಬರು ಮಾತ್ರ ಇತ್ತು.

"ಅವತ್ತು ಎಲ್ಲಾ ಅರ್ಥ ಆಯ್ತು ಅಂದ್ರಲ್ಲ?"

"ಅರ್ಥ ಆಗಿತ್ತು. ಬೇರೆ ಥರ" ಎಂದೆ.

ಮನೆಗೆ ಬರುವ ದಾರಿಯಲ್ಲಿ ಮೂರು ಸಲ ತಪ್ಪು ತಿರುವಿಗೆ ತಿರುಗಿದೆ. ನಲವತ್ತಾರು ವರ್ಷ ನಡೆದ ಬೀದಿ. ಈಗ ಯಾರಿಗೆ ಏನು ಹೇಳುವುದು? ಛಾಪಾ ಕಾಗದವಾಗಿದೆ, ಚಕ್ಕುಬಂದಿಯಾಗಿದೆ, ಕೊಡೆ ಕೊಟ್ಟಾಗಿದೆ. ಅಣ್ಣ ಬೀದಿಗೆಲ್ಲ ದೇವರಾಗಿದ್ದಾನೆ. ನಿಜ ಹೇಳಿದರೆ ಅವನು ಊದಿದ ಮುಖ ಹೊತ್ತುಕೊಂಡು ಶುಕ್ರವಾರ ಬಸ್ಸು ಹತ್ತುತ್ತಾನೆ, ಇನ್ನು ಪ್ಲೈವುಡ್ ಕೂಡ ಇಲ್ಲ. ಹೇಳದಿದ್ದರೆ ಯಾರದ್ದೋ ಮೂಳೆಗೆ ಅಣ್ಣನ ಹೆಸರು ಹೇಳಿಕೊಂಡು ಇರಬೇಕು.

ಕೊಟ್ಟಿಗೆಗೆ ಬಂದರೆ ಅಣ್ಣ ಕೊಡೆಯವನ ಮುಂದೆ ಭಾಷಣ ಮಾಡುತ್ತಿದ್ದ. ಪೆಟ್ಟಿಗೆಯಿಂದ ಉಳಿಗಳನ್ನು ಒಂದೊಂದಾಗಿ ತೆಗೆದು ಗೂಡಿನಲ್ಲಿ ಜೋಡಿಸುತ್ತಿದ್ದ.

"ಹೇಗಪ್ಪಾ ಹೋಗ್ಲಿ? ನನ್ನ ಮೂಳೆ ಅವನ ಬಾಯಲ್ಲಿದೆ. ಐದಾರು ತಿಂಗಳು ಹದ ಆಗಬೇಕು. ನಾನು ಆ ಕಡೆ ಹೋದ್ರೆ ಈ ಕಡೆ ಇವನು ಅದಕ್ಕೆ ಬಿಳಿ ಅಂಟು ಹಾಕ್ಕೊಂಡ್ರೆ ಏನ್ಗತಿ?"

ನಾನು ಹಾಗೆಯೇ ಹಿಂದಕ್ಕೆ ತಿರುಗಿದೆ. ಬುಧವಾರವೂ ಹೇಳಲಿಲ್ಲ. ಗುರುವಾರ ಬೆಳಿಗ್ಗೆ ಕುರ್ಚಿಯ ಕಾಲು ಉಜ್ಜುತ್ತಾ ಕೂತವನು ತಲೆ ಎತ್ತಿದೆ. ಗೋಡೆಯ ಮೇಲೆ ಟಿಕೆಟು ಇನ್ನೂ ಇತ್ತು. ಅದರ ಪಕ್ಕದಲ್ಲಿ ಒಂದೂಕಾಲು ಇಂಚಿನ ಅಳತೆಯೂ ಇತ್ತು. ಆ ಅಳತೆಯನ್ನು ನೋಡಿದ ಮೇಲೆ ಸುಮ್ಮನಿರಲು ಆಗಲಿಲ್ಲ.

"ಅಣ್ಣಾ" ಎಂದೆ.

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತುಹೋಯಿತು. ಅಣ್ಣ ಸರೇಸು ಕಲಕುವುದನ್ನು ನಿಲ್ಲಿಸಲಿಲ್ಲ.

"ನನ್ನ ಬಾಯಲ್ಲಿರೋದು ನಿನ್ನ ಮೂಳೆ ಅಲ್ಲ."

"ಗೊತ್ತು."

ನಾನು ಉಪ್ಪುಕಾಗದ ಕೆಳಗೆ ಹಾಕಿದೆ. ಅಣ್ಣ ಗೂಡಿನಿಂದ ಒಂದು ಕಾಗದದ ಪೊಟ್ಟಣ ತೆಗೆದು ಬಿಚ್ಚಿ ನನ್ನ ಮುಂದೆ ಹಿಡಿದ. ಒಳಗೆ ಒಂದು ಕರಿಯ ಹುಳುಕು ಹಲ್ಲು.

"ಚಿಕ್ಕ ಡಾಕ್ಟರು ಅವತ್ತೇ ಕೈಗೆ ಕೊಟ್ರು. ಮೂಳೆ ತೆಗೆಯೋರು ಹಲ್ಲು ಯಾಕೋ ಕೊಡ್ತಾರೆ? ಕೇಳ್ದೆ. ಮೂಳೆ ಸೀಸೇಲಿ ಬರುತ್ತೆ ಅಂದ್ರು."

"ಮತ್ತೆ ಹೇಳ್ಲಿಲ್ಲ ಯಾಕೆ?"

"ಮಾತಾಡಬೇಡಿ ಅಂತ ಹಾಳೇಲಿ ಬರೆದಿತ್ತಲ್ಲ."

"ಅದು ಮೂರು ದಿನ!"

"ಹಣ್ಣು ಬರ್ತಾ ಇತ್ತು" ಎಂದು ಅಣ್ಣ ಮತ್ತೆ ಕಲಕಿದ. ಬಾಯಿ ಒಂದು ಸಲ ತೆರೆದ ಮೇಲೆ ಮುಚ್ಚುವುದು ನನ್ನಿಂದ ಆಗಲಿಲ್ಲ.

"ಇನ್ನೊಂದು. ಹೆಡ್‌ಮಾಸ್ತರ ಕುರ್ಚಿಗೆ ಹಾಕಿದ ತೇಪೆ ಅದೇ ಮರದ್ದಲ್ಲ. ತುಂಡು ಸಿಕ್ಕಿರಲಿಲ್ಲ. ಹಳೇ ಬಾಗಿಲಿಂದು ಹಾಕಿ ಬಣ್ಣ ಹಚ್ಚಿದ್ದೆ."

"ಅದೂ ಗೊತ್ತು" ಎಂದ ಅಣ್ಣ. ಆಮೇಲೆ ಗಡಿಗೆಯೊಳಗೆ ನೋಡುತ್ತಲೇ ಹೇಳಿದ. "ಅವತ್ತು ಅಂಟೂ ಹಿಂದಿನ ವಾರದ್ದು. ಹೊಸದು ಕಾಯಿಸೋಕೆ ಸೋಮಾರಿತನ."

"ಥೂ ನಿಮ್ಮ!" ಬಾಗಿಲಲ್ಲಿ ಅಕ್ಕ ಸೌಟು ಹಿಡಿದು ನಿಂತಿದ್ದಳು. "ಇಷ್ಟಕ್ಕೆ ಹನ್ನೊಂದು ವರ್ಷ ನನ್ನನ್ನ ಈ ಬಾಗಿಲಿಂದ ಆ ಬಾಗಿಲಿಗೆ ಓಡಾಡಿಸಿದ್ರಾ? ನನ್ನ ಮಂಡಿ ಸವೆದಿದ್ದು ಇದಕ್ಕಾ?"

ನಾನು ಅಭ್ಯಾಸಬಲದಿಂದ ಹೇಳಿದೆ. "ಅಕ್ಕಾ, ನನ್ನ ಮೇಲೆ ಸಿಟ್ಟು ಮಾಡ್ಕೋಬೇಡ ಅಂತ ಅಣ್ಣನಿಗೆ ಹೇಳು."

"ನಾನು ಯಾರಿಗೂ ಏನೂ ಹೇಳಲ್ಲ. ಆ ಟಿಕೆಟ್ ಇಲ್ಲಿ ಕೊಡು."

"ಯಾವ ಟಿಕೆಟ್?" ಎಂದ ಅಣ್ಣ.

"ಮೊಳೆಗೆ ಚುಚ್ಚಿರೋದು. ಮಗಳ ಊರಿನದು. ನೀನು ಹೋಗ್ತೀಯಾ?"

ಅಣ್ಣ ನನ್ನನ್ನು ನೋಡಿದ. ನಾನು ಉಳಿಗಳ ಗೂಡನ್ನು ನೋಡಿದೆ. "ಇಲ್ಲ" ಎಂದು ಅಣ್ಣ ಟಿಕೆಟನ್ನು ಮೊಳೆಯಿಂದ ಬಿಡಿಸಿ ಅವಳ ಕೈಗೆ ಕೊಟ್ಟ. ಅಕ್ಕ ಸೌಟನ್ನು ನನ್ನ ಕೈಗೆ ಕೊಟ್ಟಳು.

ಬೀದಿಗೆ ಇಂದಿಗೂ ನಿಜ ಗೊತ್ತಿಲ್ಲ. ಕೊಡೆಯವನು ಈಗಲೂ ಹೊಸಬರಿಗೆ ನಮ್ಮಿಬ್ಬರ ದವಡೆಯನ್ನು ದೂರದಿಂದ ತೋರಿಸುತ್ತಾನೆ. ಛಾಪಾ ಕಾಗದವನ್ನು ಅಣ್ಣ ಸರೇಸಿನ ಗಡಿಗೆಯ ಕೆಳಗೆ ಹಾಸಿದ್ದಾನೆ. ಸೀಸೆಯ ಆ ಅಪರಿಚಿತ ಪುಣ್ಯಾತ್ಮನ ಮೂಳೆ ಆರು ತಿಂಗಳಲ್ಲಿ ಹಿಡಿದು, ಮೇಲೆ ಹಲ್ಲೂ ಕೂತವು. ಬೇರೆ ಮರದ್ದೇ ಆದರೂ ಇದುವರೆಗೆ ಬಿರುಕು ಬಿಟ್ಟಿಲ್ಲ.

ಟಿಕೆಟಿನ ದಿನ ಅಕ್ಕನ ಬಸ್ಸು ಬಿಟ್ಟಾಗ ಬೆಳಿಗ್ಗೆ ಏಳೂಕಾಲು. ಕಿಟಕಿಯ ಪಕ್ಕದ ಸೀಟು. ಅಕ್ಕನ ತೊಡೆಯ ಮೇಲೆ ಅಣ್ಣನಿಗೆ ಬಂದಿದ್ದ ಹಣ್ಣುಗಳ ಚೀಲ, ಕೈಯಲ್ಲಿ ಕೊಡೆಯವನು ಕೊಟ್ಟ ಕೊಡೆ. ಅವಳು ಒಂದು ಸಲವೂ ಹಿಂತಿರುಗಿ ನೋಡಲಿಲ್ಲ. ಮನೆಗೆ ಬಂದು ಊಟಕ್ಕೆ ಕೂತಾಗ ಅಣ್ಣ ಅಡುಗೆಮನೆಯ ಬಾಗಿಲ ಕಡೆ ಬಾಯಿ ತೆರೆದ. ಬಾಗಿಲಲ್ಲಿ ಯಾರೂ ಇರಲಿಲ್ಲ. ನನ್ನ ಕಡೆ ತಿರುಗಿ, "ಉಪ್ಪು ಕೊಡು" ಎಂದ. ಕೊಟ್ಟೆ.

ಅಕ್ಕ ಹೋದದ್ದು ಶುಕ್ರವಾರ.